‘ರೈಟ್ ಆಫ್ ವೇ’ಗೆ ಕನ್ನಡದಲ್ಲಿ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ.

ಶಿರಸಿಯಿಂದ ಹುಲೇಕಲ್ ಕಡೆಯ ಹಳ್ಳಿಗಳಿಗೆ ಇಂಟರ್ನೆಟ್‌ನ ಫೈಬರ್ ಕೇಬಲ್ ಎಳೆಯುವ ಗೆಳೆಯರಿದ್ದಾರೆ. ಅವರ ಅರ್ಜಿಗಳನ್ನು ಕನ್ನಡದಲ್ಲಿ ಬರೆದುಕೊಡುವುದು ನಾನು. ರಸ್ತೆ ಬದಿಯಲ್ಲೋ ಬೇರೆಯವರ ಜಾಗದಲ್ಲೋ ಕೇಬಲ್ ಎಳೆಯಲು ಸಿಗುವ ಅವಕಾಶಕ್ಕೆ ಇಂಗ್ಲಿಷಿನಲ್ಲಿ ‘ರೈಟ್ ಆಫ್ ವೇ’ ಎನ್ನುತ್ತಾರೆ. ಹೋದ ತಿಂಗಳು ಪಂಚಾಯ್ತಿಗೆ ಕೊಟ್ಟ ಅರ್ಜಿಯಲ್ಲಿ ಅದಕ್ಕೆ ‘ಮಾರ್ಗಾಧಿಕಾರ’ ಎಂದು ಬರೆದಿದ್ದೆ. ಸದಸ್ಯರೊಬ್ಬರು ಓದಿ, ‘ರಸ್ತೆ ಮೇಲಿನ ಅಧಿಕಾರ ನಿಮಗ್ಯಾಕೆ ಕೊಡಬೇಕು?’ ಎಂದು ಕೇಳಿದರು. ಸರಿಯಾದ ಪ್ರಶ್ನೆಯೇ. ಅಧಿಕಾರ ಎಂದರೆ ಜನರ ಕಿವಿಗೆ ಯಜಮಾನಿಕೆ ಎಂದೇ ಕೇಳುತ್ತದೆ, ಅಲ್ವಾ?

ಆಮೇಲೆ ‘ದಾರಿ ಹಕ್ಕು’ ಎಂದು ತಿದ್ದಿದೆ. ಅದು ಇನ್ನೂ ಕಷ್ಟವಾಯಿತು. ನಮ್ಮ ಕಡೆ ದಾರಿ ಹಕ್ಕು ಎಂದರೆ ದಣಪೆ (ಬೇಲಿಯ ಬಾಗಿಲು) ದಾಟಿ, ಒಬ್ಬರ ತೋಟದೊಳಗಿಂದ ಇನ್ನೊಬ್ಬರ ಮನೆಗೆ ಹೋಗುವ ಕಾಲುದಾರಿಯ ವಿಷಯ. ಅದಕ್ಕಾಗಿ ಅಣ್ಣತಮ್ಮಂದಿರೇ ಕೋರ್ಟು ಹತ್ತಿದ್ದಾರೆ. ತೋಟದ ಅಂಚಿನಲ್ಲಿ ಕೇಬಲ್ ಹೋಗಲಿ ಎಂದು ಕೇಳಲು ಹೋದರೆ, ‘ನಾಳೆ ಪಹಣಿಯಲ್ಲಿ ನಿಮ್ಮ ಹೆಸರು ಬಂದರೆ?’ ಎನ್ನುತ್ತಾರೆ.

ಕಾನೂನಿನಲ್ಲಿ ಅಂಥದ್ದೇನೂ ಇಲ್ಲ. 1885ರ ಟೆಲಿಗ್ರಾಫ್ ಕಾಯ್ದೆಯ 10ನೇ ಕಲಮಿನಲ್ಲೇ, ತಂತಿ ಹೋದ ಜಾಗದ ಮೇಲೆ ಬಳಕೆಯ ಹಕ್ಕು ಬಿಟ್ಟರೆ ಬೇರೆ ಹಕ್ಕಿಲ್ಲ ಎಂಬ ಮಾತಿತ್ತು. 2023ರ ದೂರಸಂಪರ್ಕ ಕಾಯ್ದೆಯೂ ಕೇಬಲ್ ಎಳೆದವರಿಗೆ ಜಾಗದ ಒಡೆತನ ಕೊಡುವುದಿಲ್ಲ. ಅದರಡಿಯ ‘ರೈಟ್ ಆಫ್ ವೇ’ ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ. ಹಾಗಾಗಿ ಈ ಪದ ಕನ್ನಡದಲ್ಲಿ ಸರಿಯಾಗಿ ಕೂರುವುದು ಈಗ ಜಾಸ್ತಿ ಅಗತ್ಯ.

ನನಗೆ ಹೊಳೆದದ್ದು ‘ಹಾಯಿಸು’. ತೋಟಕ್ಕೆ ನೀರು ಹಾಯಿಸುತ್ತೇವೆ. ಮೇಲಿನವರ ಜಾಗದಲ್ಲಿ ಹಾದು ಬಂದರೂ ಆ ಜಾಗ ಅವರದೇ, ಯಾರಿಗೂ ಅನುಮಾನವಿಲ್ಲ. ‘ಕೇಬಲ್ ಹಾಯಿಸುವ ಹಕ್ಕು’ ಎಂದರೆ ಆ ತಿಳುವಳಿಕೆ ಪದದ ಜೊತೆಗೇ ಬರುತ್ತದೆ. ಆದರೆ ‘ಹಕ್ಕು’ ಇರಲೋ, ‘ಅನುಮತಿ’ ಸಾಕೋ? ಅನುಮತಿ ಎಂದರೆ ಕೊಟ್ಟವರು ಬೇಕಾದಾಗ ಹಿಂದೆ ಪಡೆಯಬಹುದು ಎನಿಸುತ್ತದೆ. ಹತ್ತಾರು ಮನೆಗೆ ಇಂಟರ್ನೆಟ್ ಕೊಟ್ಟ ಮೇಲೆ ಹಾಗಾದರೆ ನನ್ನ ಗೆಳೆಯರಂಥ ಸಣ್ಣವರು ಉಳಿಯುವುದಿಲ್ಲ. ನನ್ನ ಮನಸ್ಸು ‘ಹಕ್ಕು’ ಕಡೆಗೇ ಇದೆ.

ಇನ್ನು ಕಂಬದ ವಿಷಯ. ಹಳೆಯ ‘ರೈಟ್ ಆಫ್ ವೇ’ ನಿಯಮಗಳಿಗೆ 2022ರಲ್ಲಿ ತಂದ ತಿದ್ದುಪಡಿಯಲ್ಲಿ ಕರೆಂಟ್ ಕಂಬ, ಬೀದಿದೀಪದ ಕಂಬ, ಬಸ್ ನಿಲ್ದಾಣ ಎಲ್ಲ ಸೇರಿಸಿ ‘ಸ್ಟ್ರೀಟ್ ಫರ್ನಿಚರ್’ ಎಂದಿದ್ದಾರೆ. ಇದನ್ನು ‘ಬೀದಿ ಪೀಠೋಪಕರಣ’ ಮಾಡುವುದು ಬೇಡ. ಕಂಬ ಪೀಠವಲ್ಲ. ವಿದ್ಯುತ್ ಕಂಪನಿ ಹೆಸ್ಕಾಂನ ಕಂಬಕ್ಕೆ ಕೇಬಲ್ ಕಟ್ಟುವ ಮಾತಿದ್ದರೆ ಕಂಬ ಎಂದೇ ಬರೆಯೋಣ. ‘ಕಂಬ ಹಂಚಿಕೆ’ ಎಂದರೆ ಮನೆಮನೆಗೆ ಕಂಬ ಕೊಟ್ಟ ಹಾಗೆ ಕೇಳುತ್ತದೆ. ‘ಕಂಬ ಬಳಕೆ’, ‘ಕಂಬದ ಬಾಡಿಗೆ’ ಎಂದರೆ ಲೈನ್‌ಮನ್‌ಗೂ ತಿಳಿಯುತ್ತದೆ.

ಕಾರವಾರ, ಅಂಕೋಲಾ, ಕುಮಟಾ ಕಡೆಯವರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಹಳೇ ಪಾಲುಪತ್ರದಲ್ಲಿ ನೀರು ಅಥವಾ ದಾರಿ ಬಿಟ್ಟುಕೊಟ್ಟ ಮಾತಿದ್ದರೆ, ಹೆಸರು ಬಿಟ್ಟು ಆ ಒಂದು ವಾಕ್ಯವನ್ನು ಇದ್ದ ಹಾಗೇ ಬರೆದು ಕಳಿಸಿ. ಅಲ್ಲಿ ಯಾವ ಕ್ರಿಯಾಪದ ಇದೆ ಎಂದು ನೋಡಬೇಕಿದೆ.