ಬೆಂಗಳೂರಿಗೆ ಸ್ಕೈಲೈನ್ (ದೂರದಿಂದ ಕಾಣೋ ಊರಿನ ಕಟ್ಟಡಗಳ ಗೆರೆ) ಅಂತ ಒಂದಿದ್ಯಾ? ಮಗಳ ಡ್ರಾಯಿಂಗ್‌ಗೆ ಬೇಕಿತ್ತು

ಹನುಮಂತನಗರದಪ್ಪ:
ಭಾನುವಾರ ಬೆಳಿಗ್ಗೆ ಮಗಳನ್ನ ಲಾಲ್‌ಬಾಗ್ ಬಂಡೆ ಮೇಲೆ ಕರ್ಕೊಂಡ್ ಹೋಗಿದ್ದೆ, ಸ್ಕೂಲಲ್ಲಿ 'ನಮ್ಮೂರು' ಅಂತ ಚಿತ್ರ ಬರೀಬೇಕಂತೆ. ಯೂಟ್ಯೂಬಲ್ಲಿ ದುಬೈ, ನ್ಯೂಯಾರ್ಕ್ ಎಲ್ಲಾ ನೋಡ್ಬಿಟ್ಟಿದಾಳೆ, ನಡುವೆ ಎತ್ತರ ಆಚೀಚೆ ತಗ್ಗು ಇದ್ರೇನೇ ಸಿಟಿ ಅಂತೆ. ಕೆಂಪೇಗೌಡರ ಗೋಪುರದ ಪಕ್ಕ ನಿಂತ್ಕೊಂಡು 'ಅಪ್ಪಾ ನಮ್ಮೂರಿನ ಮಧ್ಯ ಎಲ್ಲಿ' ಅಂದ್ಲು ನೋಡಿ, ನಂಗೆ ಉತ್ರಾನೇ ಹೊಳೀಲಿಲ್ಲ. ಸುತ್ತಾ ತಿರುಗಿ ನೋಡಿದ್ರೂ ಅಲ್ಲೊಂದ್ ಗುಂಪು ಇಲ್ಲೊಂದ್ ಗುಂಪು, ಯಾರೋ ಬೆಂಕಿಕಡ್ಡಿ ಡಬ್ಬಿ ಚೆಲ್ಲಿದಂಗಿದೆ. 2008ರಲ್ಲಿ ಯುಬಿ ಸಿಟಿ ಅನ್ನೋ ಆಫೀಸು-ಮಾಲ್ ಟವರ್‌ಗಳ ಗುಂಪು ಬಂದಾಗ ಇನ್ಮೇಲೆ ಅದ್ರ ಸುತ್ತ ಒಂದರ ಪಕ್ಕ ಒಂದು ಟವರ್ ಏಳ್ತವೆ ಅಂದ್ಕೊಂಡಿದ್ವಿ, ಯಾಕ್ ಏಳ್ಲಿಲ್ಲ? ನೀವಾಗಿದ್ರೆ ಯಾವ ಬಿಲ್ಡಿಂಗ್ ಬರೀತಿದ್ರಿ?

ಪ್ಲಾನ್_ಪಾಸ್_ಆಗಿಲ್ಲ:
ಸಾರ್, ನಾನು ಆರ್ಕಿಟೆಕ್ಟ್ ಆಫೀಸಲ್ಲಿ ಕೆಲ್ಸ ಮಾಡೋನು, ದಿನಾ ಇದೇ ಗೋಳು. ಯುಬಿ ಸಿಟಿಗೆ ವಿಠಲ್ ಮಲ್ಯ ರೋಡಲ್ಲಿ ಹದಿಮೂರು ಎಕರೆ ಒಂದೇ ಕೈಲಿತ್ತು, ಅದಕ್ಕೇ ಒಟ್ಟಿಗೆ ನಾಲ್ಕು ಬ್ಲಾಕ್ ಎದ್ವು. ಅಂಥಾ ಜಾಗ ಊರೊಳಗೆ ಇನ್ನೆಲ್ಲಿದೆ ಹೇಳಿ? ಒಂದ್ ಕಡೆ ಕಬ್ಬನ್ ಪಾರ್ಕು, ಇನ್ನೊಂದ್ ಕಡೆ ಮಿಲಿಟರಿ ಜಾಗ, ಮಿಕ್ಕಿದ್ದೆಲ್ಲ ಅಣ್ತಮ್ಮಂದಿರು ಪಾಲು ಮಾಡ್ಕೊಂಡಿರೋ ಸಣ್ಣಸಣ್ಣ ಸೈಟು. ಮತ್ತೆ ಎಷ್ಟು ಕಟ್ಬಹುದು ಅನ್ನೋದು ಎದುರಿನ ರೋಡ್ ಎಷ್ಟಗಲ ಇದೆ ಅನ್ನೋದ್ರ ಮೇಲೂ ಹೋಗುತ್ತೆ, ನಮ್ಮ ಹಳೇ ರೋಡ್‌ಗಳ ಅಗಲ ನಿಮಗೇ ಗೊತ್ತು.

ಇನ್ನೊಂದು ವಿಮಾನದ್ದು. ಯುಬಿ ಸಿಟಿ ಶುರುವಾದ 2008ರಲ್ಲೇ ಪ್ಯಾಸೆಂಜರ್ ವಿಮಾನ ಎಲ್ಲಾ ದೇವನಹಳ್ಳಿಯ ಹೊಸ ಏರ್‌ಪೋರ್ಟಿಗೆ ಹೋದ್ವು, ಆದ್ರೆ ಊರೊಳಗಿನ ಹಳೇ ಏರ್‌ಪೋರ್ಟಿನ ಎಚ್‌ಎಎಲ್ ರನ್‌ವೇ ಮುಚ್ಲಿಲ್ವಲ್ಲ, ಹಾಗಾಗಿ ಎತ್ತರದ ಲಿಮಿಟ್ಟೂ ಹೋಗ್ಲಿಲ್ಲ. ಒಂದು ದೊಡ್ಡ ಬಾಣಲೆ ಅಂದ್ಕೊಳ್ಳಿ, ತಳದಲ್ಲಿ ರನ್‌ವೇ, ದೂರ ಹೋದಂಗೆ ಅಂಚು ಮೇಲೇರುತ್ತೆ, ನಿಮ್ ಬಿಲ್ಡಿಂಗ್ ಆ ಬಾಣಲೆ ಮೈಗೆ ತಾಗಂಗಿಲ್ಲ. ಅದೂ ಲೆಕ್ಕ ಹಿಡಿಯೋದು ನೆಲದಿಂದಲ್ಲ, ಸಮುದ್ರಮಟ್ಟದಿಂದ. ನಮ್ಮೂರು ಮೊದ್ಲೇ 900 ಮೀಟರ್ ಮೇಲಿದೆ, ಏರು ಇಳಿಜಾರು ಬೇರೆ. ಹಾಗಾಗಿ ಹಳ್ಳದಲ್ಲಿ ಸೈಟ್ ಇದ್ದೋನಿಗೆ ದಿಣ್ಣೆ ಮೇಲಿರೋನಿಗಿಂತ ಎರಡು ಫ್ಲೋರ್ ಜಾಸ್ತಿ ಸಿಗಬಹುದು, ದೂರದಿಂದ ನೋಡಿದ್ರೆ ಎರಡೂ ಒಂದೇ ಸಮ! ನಿಮ್ ಮಗಳಿಗೆ ಸ್ಕೇಲ್ ಇಟ್ಟು ಗೆರೆ ಎಳಿಯೋಕ್ ಹೇಳಿ, ಅದೇ ನಮ್ ಸ್ಕೈಲೈನು.

ಶಿವಾಜಿನಗರ_ತಾತ:
ನಮ್ ಕಾಲಕ್ಕೆ ಈ ಪ್ರಶ್ನೆನೇ ಇರ್ಲಿಲ್ಲ ಕಣಪ್ಪ. ಊರ ಮಧ್ಯ ಅಂದ್ರೆ ಎಂ.ಜಿ. ರೋಡ್ ಯುಟಿಲಿಟಿ ಬಿಲ್ಡಿಂಗು. 1973ರಲ್ಲಿ ಆಗಿದ್ದು, ಇಪ್ಪತ್ತೈದು ಮಹಡಿ, 106 ಮೀಟರು, ಕಾರ್ಪೊರೇಷನ್ನಿಂದು. ಊರಿಂದ ನೆಂಟ್ರು ಬಂದ್ರೆ ವಿಧಾನಸೌಧ ತೋರಿಸಿ, ಆಮೇಲೆ ಅದ್ರ ಕೆಳಗೆ ನಿಲ್ಲಿಸೋದು, ಅವ್ರು ಕತ್ತೆತ್ತಿ ಮಹಡಿ ಎಣಿಸೋರು, ಹದಿನೆಂಟಕ್ಕೋ ಹತ್ತೊಂಬತ್ತಕ್ಕೋ ತಪ್ಪೋಗಿ ಮತ್ತೆ ಒಂದರಿಂದ. ನಮ್ ಮಾವ ಒಬ್ರು ಮೂರು ಸಲ ಎಣಿಸಿ ಮೂರು ಸಲಾನೂ ಬೇರೆಬೇರೆ ಹೇಳಿದ್ರು, ಕೊನೆಗೆ ಕಟ್ಟಿದೋನೇ ತಪ್ಪು ಲೆಕ್ಕ ಹಾಕಿದಾನೆ ಅಂತ ತೀರ್ಮಾನ ಮಾಡ್ಬಿಟ್ರು. ಎಷ್ಟೋ ವರ್ಷ ಅದಕ್ಕಿಂತ ಎತ್ತರದ್ದು ಊರಲ್ಲಿರ್ಲಿಲ್ಲ. ಚೆಂದ ಇತ್ತಾ ಅಂದ್ರೆ ಇಲ್ಲ, ಸಿಮೆಂಟ್ ಡಬ್ಬಿ. ಆದ್ರೆ ದಾರಿ ತಪ್ಪಿದ್ರೆ ತಲೆಯೆತ್ತಿ ಅದನ್ನ ಹುಡುಕಿದ್ರೆ ಸಾಕಿತ್ತು. ಈಗ ಮೆಟ್ರೋ ಸ್ಟೇಷನ್ನಲ್ಲಿ ಇಳಿಯೋ ಹುಡುಗ್ರು ಅದ್ರ ಕಡೆ ತಿರುಗೂ ನೋಡಲ್ಲ.

ರಾಜಾಜಿನಗರ_ಟೆರೇಸ್:
ಎಂ.ಜಿ. ರೋಡ್ ಬಿಟ್ರೆ ಊರೇ ಇಲ್ವಾ ತಾತ 😄 ನಮ್ಕಡೆ ವರ್ಲ್ಡ್ ಟ್ರೇಡ್ ಸೆಂಟರ್ ಇಲ್ವಾ? 128 ಮೀಟರು, ಅದೂ 2010ರಲ್ಲೇ ಬಂತು. ಮೊದ್ಲು ನಮ್ ಟೆರೇಸಿಂದ ಕಾಣೋ ದೊಡ್ಡ ವಸ್ತು ಅಂದ್ರೆ ಇಸ್ಕಾನ್ ಗೋಪುರ, ಅಮ್ಮ ಬಟ್ಟೆ ಒಣಗಾಕೋಕ್ ಬಂದ್ರೆ ಆ ಕಡೆ ತಿರುಗಿ ಕೈ ಮುಗಿಯೋರು. ಈಗ ಕಣ್ಣು ಮೊದ್ಲು ಹೋಗೋದು ಆ ಗಾಜಿನ ಟವರ್ ಕಡೆಗೇ. ಸಂಜೆ ಬಿಸಿಲು ಗಾಜಿಗೆ ಬಿದ್ದು ನಮ್ ಅಡುಗೆಮನೆಗೆ ಬರುತ್ತೆ, ಪಶ್ಚಿಮದ ಬಿಸಿಲು ಪೂರ್ವದ ಕಿಟಕೀಲಿ! ಬೈಯ್ಬೇಕೋ ಖುಷಿಪಡ್ಬೇಕೋ ಗೊತ್ತಾಗಲ್ಲ. ಗ್ರೀನ್ ಲೈನಲ್ಲಿ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಸ್ಟೇಷನ್ ಹತ್ರ ಕಿಟಕಿ ಪಕ್ಕ ಕೂರಿಸಿ ತೋರಿಸಿ, ನಿಮ್ ಮಗಳಿಗೆ ಇಷ್ಟ ಆಗುತ್ತೆ.

ಕಬ್ಬನ್_ವಾಕರ್:
ಯುಬಿ ಸಿಟಿ ಒಳಗಿನ ಯುಬಿ ಟವರ್ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಥರ ಇದೆ ಅಂತಾರೆ, ಇರ್ಬಹುದು, ಮೆಟ್ಟಿಲು ಮೆಟ್ಟಿಲಾಗಿ ಸಣ್ಣ ಆಗ್ತಾ ಹೋಗುತ್ತೆ. ಆದ್ರೆ ಅದು ಚೆನ್ನಾಗಿ ಕಾಣೋದು ಪಾರ್ಕ್ ಒಳಗಿಂದ, ಮರದ ತುದಿ ಮೇಲೆ ಎದ್ದಾಗ ಮಾತ್ರ. ಅದೇ ಬಿಲ್ಡಿಂಗನ್ನ ರೋಡಲ್ಲಿ ಪಕ್ಕಕ್ಕೆ ನಿಂತು ನೋಡಿ, ಏನೂ ಇಲ್ಲ, ಗೇಟು ಮತ್ತೆ ಸೆಕ್ಯೂರಿಟಿ. ಆಮೇಲೆ ಬಂದ ಮೂವತ್ತನಾಲ್ಕು ಮಹಡಿ ಕಿಂಗ್‌ಫಿಶರ್ ಟವರ್ಸು ಪಕ್ಕದಲ್ಲೇ ಎದ್ದು ಇದನ್ನ ಕುಳ್ಳ ಮಾಡ್ಬಿಡ್ತು ಅಂತ ನಂಗೆ ಸಿಟ್ಟು.

ಹನುಮಂತನಗರದಪ್ಪ:
ಎಲ್ರಿಗೂ ಥ್ಯಾಂಕ್ಸ್. ಸ್ಕೇಲ್ ಐಡಿಯಾ ಹೇಳ್ದೆ, ಒಪ್ಲಿಲ್ಲ. ಕೆಳಗೆ ಬಂಡೆ, ಮೇಲೆ ಕೆಂಪೇಗೌಡರ ಗೋಪುರ, ಹಿಂದೆ ಉಳಿದಿದ್ದೆಲ್ಲ ಪುಟಾಣಿ ಡಬ್ಬಿಗಳು, ಗೋಪುರಾನೇ ಎಲ್ಲಕ್ಕಿಂತ ಎತ್ತರ. ಯಾಕಮ್ಮಾ ಅಂದ್ರೆ 'ನಾನು ನಿಂತಿದ್ ಕಡೆಯಿಂದ ಹಾಗೇ ಕಾಣೋದು' ಅಂದ್ಲು. ತಾತ, ಯುಟಿಲಿಟಿ ಬಿಲ್ಡಿಂಗೂ ಬರ್ಸಿದೀನಿ, ಮಹಡಿ ಮಾತ್ರ ಹನ್ನೊಂದೇ ಹಿಡಿಸ್ತು.