ಸಿಗರೇಟ್ ಬಿಡಲು ಕೊಂಡ ಪುಟ್ಟ ವೇಪ್ ಸಾಲುತ್ತಿಲ್ಲ, ಮುಂದೆ ಯಾವುದು?

ಬ್ರಿಟನ್ನಿನಲ್ಲಿರುವ ಕನ್ನಡಿಗರ ಗುಂಪಿನ ಪ್ರಶ್ನೋತ್ತರ. ಉತ್ತರಿಸುತ್ತಿರುವವರು ಧೂಮಪಾನ ಬಿಡುವವರಿಗೆ ಸಲಹೆ ನೀಡುವ ಫಾರ್ಮಸಿಸ್ಟ್.

ಪ್ರಶ್ನೆ, ರೀಡಿಂಗ್‌ನ ಸದಸ್ಯರಿಂದ: ವರ್ಷಗಟ್ಟಲೆ ದಿನಕ್ಕೊಂದು ಪ್ಯಾಕ್ ಸೇದುತ್ತಿದ್ದವನು ವೇಪ್‌ಗೆ, ಅಂದರೆ ನಿಕೋಟಿನ್ ದ್ರವ ಕಾಯಿಸಿ ಆವಿ ಕೊಡುವ ಇ-ಸಿಗರೇಟ್‌ಗೆ, ಬಂದಿದ್ದೇನೆ. ಬಳಸುತ್ತಿರುವುದು ದ್ರವ ತುಂಬಿಯೇ ಬರುವ ಪಾಡ್ (ಪುಟ್ಟ ಡಬ್ಬಿ) ಹಾಕುವ ಸಣ್ಣ ಸಾಧನ, ನಿಕೋಟಿನ್ ಮಿಲಿಲೀಟರಿಗೆ 20 ಮಿಲಿಗ್ರಾಂ. ಮಧ್ಯಾಹ್ನಕ್ಕೇ ಚಾರ್ಜ್ ಮುಗಿಯುತ್ತದೆ, ಪಾಡ್‌ಗಳಿಗೆ ದುಡ್ಡು ಸುರಿದೂ ಸುರಿದೂ ಸಾಕಾಗಿದೆ. ಅಂಗಡಿಯಲ್ಲಿ ಎರಡು ಬ್ಯಾಟರಿಯ, 200 ವಾಟ್‌ನ ಮಾಡ್ (ದೊಡ್ಡ ವೇಪ್) ತೋರಿಸಿ, ಇದಕ್ಕೆ ಬಂದರೆ ಬೇರೇನೂ ಬೇಕೆನಿಸುವುದಿಲ್ಲ ಎಂದರು. ಕೊಳ್ಳಲೇ? ಸಂಜೆ ಹೊತ್ತು ಈಗಲೂ ಒಂದೆರಡು ಸಿಗರೇಟ್ ಆಗುತ್ತದೆ.

ಉತ್ತರ: ಬೇಡ. ನೀವು ಕೊನೆಗೆ ಸೇರಿಸಿರುವ ಆ ಒಂದು ವಾಕ್ಯವೇ ನನಗೆ ಮುಖ್ಯ. ಹೊಸ ಸಾಧನ ಆ ಒಂದೆರಡು ಸಿಗರೇಟನ್ನು ನಿಲ್ಲಿಸುತ್ತದೆಯೇ ಇಲ್ಲವೇ ಎಂಬುದೊಂದೇ ಅದನ್ನು ಅಳೆಯುವ ಕೋಲು. ಹೊಗೆಯ ಗಾತ್ರ, ಪರದೆ, ವಾಟ್, ಇವು ಯಾವುವೂ ಅಲ್ಲ.

ಸಿಗರೇಟ್ ಸೇದುವವರು ಹೊಗೆಯನ್ನು ಮೊದಲು ಬಾಯಿಗೆ ಎಳೆದು, ಆಮೇಲೆ ಒಳಗೆ ತೆಗೆದುಕೊಳ್ಳುತ್ತಾರೆ. ನಿಮ್ಮ ಸಣ್ಣ ಸಾಧನ ಕೊಡುವುದೂ ಅದೇ ಬಿಗಿಯಾದ ಎಳೆತ. ದೊಡ್ಡ ಮಾಡ್‌ನ ರೀತಿಯೇ ಬೇರೆ. ಅದರ ಕಾಯಿಲ್‌ನ (ದ್ರವ ಕಾಯಿಸುವ ತಂತಿಸುರುಳಿಯ) ರೋಧ 0.2 ಓಮ್ ಆಸುಪಾಸು, ಗಾಳಿಯ ದಾರಿ ಅಗಲ, ಆವಿ ನೇರವಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಆವಿ ಅಷ್ಟು ಹೆಚ್ಚಿದ್ದಾಗ 20 ಮಿಲಿಗ್ರಾಂನ ದ್ರವ ಹಾಕಿದರೆ ತಲೆ ಸುತ್ತಿ ಹೊಟ್ಟೆ ತೊಳೆಸುತ್ತದೆ. ಹಾಗಾಗಿ ಅದಕ್ಕೆ ಸಾಮಾನ್ಯವಾಗಿ 3 ಮಿಲಿಗ್ರಾಂನ ದ್ರವ ಹಾಕುತ್ತಾರೆ. ಅಂದರೆ ನೀವು ಅಭ್ಯಾಸವಾದ ಎಳೆತವನ್ನೂ ನಿಕೋಟಿನ್‌ನ ಪ್ರಮಾಣವನ್ನೂ ಒಂದೇ ದಿನ ಬದಲಿಸಿದಂತಾಗುತ್ತದೆ. ಸಂಜೆಯ ಸಿಗರೇಟ್ ಇನ್ನೂ ಬಿಡದಿರುವವರಿಗೆ ಇದು ಸಲ್ಲದು.

ನಿಮ್ಮ ಸಂಜೆಯನ್ನೇ ನೋಡಿ. ಬ್ಯಾಟರಿ ಬರಿದಾಗಿರುತ್ತದೆ, ಪಾಡ್ ತಳ ಕಂಡಿರುತ್ತದೆ, ಕೆಲಸ ಮುಗಿಸಿ ಬಂದ ದೇಹ ನಿಕೋಟಿನ್ ಕೇಳುತ್ತಿರುತ್ತದೆ. ನಿಮಗೆ ಬೇಕಿರುವುದು ಅದೇ ಎಳೆತ, ಅದೇ 20 ಮಿಲಿಗ್ರಾಂ, ಆದರೆ ರಾತ್ರಿಯವರೆಗೆ ಬಾಳುವ ಬ್ಯಾಟರಿ ಮತ್ತು ಕೈಯಲ್ಲೇ ತುಂಬಿಸಿಕೊಳ್ಳಬಹುದಾದ ಪಾಡ್. 0.8ರಿಂದ 1.0 ಓಮ್‌ನ ಕಾಯಿಲ್, 12ರಿಂದ 18 ವಾಟ್, 1000 ಎಂಎಎಚ್ (ಬ್ಯಾಟರಿ ಸಾಮರ್ಥ್ಯದ ಅಳತೆ) ಅಥವಾ ಅದಕ್ಕಿಂತ ಹೆಚ್ಚಿನ ಬ್ಯಾಟರಿ, ಗಾಳಿಯ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ಪಟ್ಟಿ, ಇಷ್ಟಿದ್ದರೆ ಸಾಕು. ದ್ರವ ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್ ಸಮಪಾಲಿನಲ್ಲಿರುವ ನಿಕೋಟಿನ್ ಸಾಲ್ಟ್ (ಲವಣ ರೂಪದ ನಿಕೋಟಿನ್) ಆಗಿರಲಿ. ಗ್ಲಿಸರಿನ್ ಹೆಚ್ಚಿದ್ದರೆ ದ್ರವ ಮಂದವಾಗಿ ಸಣ್ಣ ಕಾಯಿಲ್‌ನ ದ್ರವ ಹೀರುವ ಹತ್ತಿಗೆ ಬೇಗ ಇಳಿಯುವುದಿಲ್ಲ.

2019ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ನಾನು ನನ್ನ ಬಳಿ ಬರುವವರಿಗೆ ಮತ್ತೆ ಮತ್ತೆ ಹೇಳುತ್ತೇನೆ. ಇಂಗ್ಲೆಂಡಿನ ಧೂಮಪಾನ ಬಿಡಿಸುವ ಸೇವೆಗಳಿಗೆ ಬಂದ 886 ಜನರಲ್ಲಿ, ವೇಪ್ ಪಡೆದವರಲ್ಲಿ ಶೇ. 18ರಷ್ಟು ಮಂದಿ ಒಂದು ವರ್ಷದ ನಂತರವೂ ಸಿಗರೇಟ್‌ನಿಂದ ದೂರವಿದ್ದರು. ನಿಕೋಟಿನ್ ಪ್ಯಾಚ್ (ಚರ್ಮಕ್ಕೆ ಅಂಟಿಸುವ ಪಟ್ಟಿ), ಗಮ್ ಮುಂತಾದವನ್ನು ಪಡೆದವರಲ್ಲಿ ಈ ಪ್ರಮಾಣ ಶೇ. 9.9. ಅಲ್ಲಿ ಕೊಟ್ಟಿದ್ದು ದೊಡ್ಡ ಮಾಡ್ ಅಲ್ಲ, ದ್ರವ ತುಂಬಿಸಿಕೊಳ್ಳುವ ಸರಳ ಸಾಧನ ಮತ್ತು 18 ಮಿಲಿಗ್ರಾಂನ ಒಂದು ಬಾಟಲಿ. ಜೊತೆಗೆ ವಾರವಾರವೂ ಸಲಹೆಗಾರರ ಭೇಟಿ ಇತ್ತು. ಸಾಧನ ಕೊಂಡು ಸಲಹೆಯನ್ನು ಬಿಟ್ಟವರನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ನಿಮ್ಮ ಊರಿನ ಸೇವೆಗೆ ಈ ವಾರವೇ ಕರೆ ಮಾಡಿ. ವೇಪ್ ಜೊತೆಗೆ ಪ್ಯಾಚ್ ಹಾಕಿಕೊಳ್ಳಬಹುದೇ ಎಂದೂ ಕೇಳಿ, ಸಂಜೆಯ ಬಯಕೆಗೆ ಅದು ಅನೇಕರಿಗೆ ನೆರವಾಗಿದೆ.

ಖರ್ಚಿನ ಮಾತು. 2026ರ ಅಕ್ಟೋಬರ್ 1ರಿಂದ ಇಲ್ಲಿ ವೇಪ್ ದ್ರವಕ್ಕೆ ಪ್ರತಿ 10 ಮಿಲಿಲೀಟರಿಗೆ 2.20 ಪೌಂಡ್ ಸುಂಕ, ಅದರ ಮೇಲೆ ವ್ಯಾಟ್. ದಿನಕ್ಕೆ 2 ಮಿಲಿಲೀಟರ್ ಸಾಕಾಗುವ ಪಾಡ್‌ಗೆ ತಿಂಗಳಿಗೆ ಸುಂಕವೇ 13 ಪೌಂಡ್ ದಾಟುತ್ತದೆ. ದಿನಕ್ಕೆ 10 ಮಿಲಿಲೀಟರ್ ಕುಡಿಯುವ ಮಾಡ್‌ಗೆ 66 ಪೌಂಡ್.

ಪ್ರಶ್ನೆ, ಲೆಸ್ಟರ್‌ನ ಸದಸ್ಯರಿಂದ: ಗೆಳೆಯನೊಬ್ಬ ತನ್ನ ಹಳೆಯ ಮಾಡ್ ಕೊಟ್ಟಿದ್ದಾನೆ. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಯಿಂದ ತೆಗೆದ 18650 (ಬೆರಳಿನಂಥ ಉರುಳೆಯಾಕಾರದ) ಸೆಲ್‌ಗಳು ಮನೆಯಲ್ಲಿವೆ. ಹಾಕಬಹುದೇ?

ಉತ್ತರ: ದಯವಿಟ್ಟು ಹಾಕಬೇಡಿ. 0.2 ಓಮ್ ಕಾಯಿಲ್‌ಗೆ 3.7 ವೋಲ್ಟ್ ಕೊಟ್ಟರೆ ಹರಿಯುವ ವಿದ್ಯುತ್ 18.5 ಆಂಪಿಯರ್. 0.8 ಓಮ್‌ನಲ್ಲಿ ಅದು 5 ಆಂಪಿಯರ್‌ಗೂ ಕಡಿಮೆ. ಲ್ಯಾಪ್‌ಟಾಪ್‌ನ ಸೆಲ್‌ಗಳು ನಿಧಾನವಾಗಿ ಗಂಟೆಗಟ್ಟಲೆ ವಿದ್ಯುತ್ ಕೊಡಲೆಂದು ಮಾಡಿದವು. ಅಷ್ಟೊಂದು ವಿದ್ಯುತ್ತನ್ನು ಒಮ್ಮೆಗೇ ಎಳೆದರೆ ಕಾದು, ಅನಿಲ ಕಕ್ಕಿ, ಬೆಂಕಿ ಹೊತ್ತಿಕೊಳ್ಳಬಹುದು.

ಒಳ್ಳೆಯ ಸೆಲ್ ಆದರೂ ಒಮ್ಮೆ ಬೆಳಕಿನಲ್ಲಿ ಹಿಡಿದು ನೋಡಿ. ಧನ ತುದಿ ನಡುವಿನ ಗುಂಡಿ ಮಾತ್ರ. ಉಳಿದ ಲೋಹದ ಮೈಯೆಲ್ಲ ಋಣ ತುದಿ, ಮತ್ತು ಅದು ಮೇಲಿನ ಅಂಚಿನವರೆಗೂ ಬಂದು ಆ ಗುಂಡಿಯನ್ನು ಸುತ್ತುವರಿದಿರುತ್ತದೆ. ಎರಡರ ನಡುವೆ ಇರುವುದು ಒಂದು ತೆಳು ಉಂಗುರ ಮತ್ತು ಹೊರಗಿನ ಪ್ಲಾಸ್ಟಿಕ್ ಹೊದಿಕೆ, ಅಷ್ಟೇ. ಆ ಅಂಚಿನಲ್ಲಿ ಹೊದಿಕೆ ಚೂರು ಹರಿದಿದ್ದರೂ ಸೆಲ್ಲನ್ನು ಬಳಸಬೇಡಿ. ಜೇಬಿನಲ್ಲಿ ಕೀಲಿ, ಚಿಲ್ಲರೆಯ ಜೊತೆ ಬಿಡಿ ಸೆಲ್ ಇಡಲೇಬೇಡಿ. ಇಷ್ಟೆಲ್ಲ ಎಚ್ಚರ ವಹಿಸುವ ಮನಸ್ಸಿಲ್ಲದಿದ್ದರೆ ಬ್ಯಾಟರಿ ಒಳಗೇ ಇರುವ ಸಾಧನವೇ ಲೇಸು.

ಯಾರದೋ ಮನೆಯಲ್ಲಿ ಬೆರೆಸಿದ ದ್ರವ, ಎಣ್ಣೆ, ಗಾಂಜಾ ಸಾರ ಯಾವುದನ್ನೂ ಅದಕ್ಕೆ ತುಂಬಬೇಡಿ. 2019ರಿಂದ 2020ರ ಫೆಬ್ರವರಿವರೆಗೆ ಅಮೆರಿಕದಲ್ಲಿ ಶ್ವಾಸಕೋಶದ ಹಾನಿಯಿಂದ 2,800ಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು ಅಥವಾ ಸತ್ತರು. ಅದಕ್ಕೆ ಮುಖ್ಯ ಕಾರಣವೆಂದು ಕಂಡುಬಂದದ್ದು ಗಾಂಜಾ ದ್ರವಕ್ಕೆ ಬೆರೆಸುತ್ತಿದ್ದ ವಿಟಮಿನ್ ಇ ಅಸಿಟೇಟ್.

ರೀಡಿಂಗ್‌ನ ಸದಸ್ಯರು ಮತ್ತೆ: ನೀವು ಹೇಳಿದಂಥದ್ದೇ ಕೊಂಡೆ. ಸಂಜೆ ಪರವಾಗಿಲ್ಲ. ಆದರೆ ಮೊದಲ ದಿನವೇ ಗಂಟಲಿಗೆ ಸುಟ್ಟ ರುಚಿ ಬಡಿಯಿತು. ಮತ್ತೆ, ಮುಂದಿನ ತಿಂಗಳು ಬೆಂಗಳೂರಿಗೆ ಹೋಗುವುದಿದೆ, ಜೊತೆಗೆ ಒಯ್ಯಬಹುದೇ?

ಉತ್ತರ: ಸುಟ್ಟಿದ್ದು ಒಣಹತ್ತಿ. ಹೊಸ ಪಾಡ್ ತುಂಬಿಸಿದ ಮೇಲೆ ಹತ್ತು ನಿಮಿಷ ನೆಟ್ಟಗೆ ನಿಲ್ಲಿಸಿಡಿ. ದ್ರವ ಹತ್ತಿಯ ಅಂಚಿನಿಂದ ಒಳಗೆ ಹೀರಿಕೊಳ್ಳಲು ಅಷ್ಟು ಹೊತ್ತು ಬೇಕು. ಆಮೇಲೆ ಕಡಿಮೆ ವಾಟ್‌ನಲ್ಲಿ ಆರಂಭಿಸಿ. ಒಮ್ಮೆ ಕರಕಲಾದ ಹತ್ತಿ ಸರಿಹೋಗುವುದಿಲ್ಲ, ಆ ಪಾಡ್ ಬದಲಿಸಿ. ಸಿಹಿ ಹೆಚ್ಚಿರುವ ದ್ರವದಿಂದ ಕಾಯಿಲ್ ಬೇಗ ಕಪ್ಪಾಗುತ್ತದೆ. ಬಾಟಲಿ ಮಕ್ಕಳ ಕೈಗೆ ಸಿಗದ ಕಡೆ ಇರಲಿ, ನುಂಗಿದರೆ ನಿಕೋಟಿನ್ ವಿಷ.

ಬೆಂಗಳೂರಿಗೆ ಒಯ್ಯಬೇಡಿ. ಕರ್ನಾಟಕ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತ್ತು. 2019ರ ಕೇಂದ್ರ ಕಾಯ್ದೆಯಂತೆ ಉತ್ಪಾದನೆ, ಆಮದು, ಮಾರಾಟ, ಸಾಗಣೆ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಬಾರಿಗೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಊರಿನಲ್ಲಿ ಈ ಪ್ರಶ್ನೋತ್ತರ ಓದುತ್ತಿರುವವರಿಗೂ ಇದನ್ನೇ ಹೇಳುತ್ತೇನೆ: ಗುಟ್ಟಾಗಿ ಸಿಗುವ ಸಾಧನಗಳ ಒಳಗೆ ಏನಿದೆಯೆಂದು ಪರೀಕ್ಷಿಸುವವರು ಯಾರೂ ಇಲ್ಲ. ಇನ್ನು ಸಿಗರೇಟ್ ಸೇದದವರು ಎಲ್ಲಿದ್ದರೂ ವೇಪ್ ಮುಟ್ಟಬೇಕಾದ ಕಾರಣವೇ ಇಲ್ಲ.

ನಿಮಗೆ ಅಲ್ಲಿ ಬೇಕಾಗುವುದು ಪ್ಯಾಚ್ ಮತ್ತು ನಿಕೋಟಿನ್ ಗಮ್. ಹೊರಡುವ ಒಂದು ವಾರ ಮೊದಲೇ ಇಲ್ಲಿಂದ ತೆಗೆದುಕೊಂಡು ರೂಢಿಸಿಕೊಳ್ಳಿ. ಗಮ್ಮನ್ನು ಚೂಯಿಂಗ್ ಗಮ್‌ನಂತೆ ಅಗಿಯಬೇಡಿ. ನಾಲಿಗೆಗೆ ಚುರುಕು ತಾಗುವವರೆಗೆ ಅಗಿದು, ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಿ, ಚುರುಕು ಇಳಿದ ಮೇಲೆ ಮತ್ತೆ ಅಗಿಯಿರಿ. ಕಾಫಿ ಕುಡಿದ ಹದಿನೈದು ನಿಮಿಷ ಅದನ್ನು ಬಾಯಿಗೆ ಹಾಕಬೇಡಿ, ನಿಕೋಟಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಹಳೆಯ ಗೆಳೆಯರು ಪ್ಯಾಕ್ ಚಾಚುವ ದರ್ಶಿನಿಯ ಮುಂದೆ ನಿಂತಾಗ ಕಷ್ಟವಾದರೆ ಭಾರತದ ತಂಬಾಕು ಸಹಾಯವಾಣಿ 1800 11 2356ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.

ಸಾಧನವನ್ನು ರೀಡಿಂಗ್‌ನ ಮನೆಯಲ್ಲೇ ಬಿಡಿ. ಪಾಡ್ ಖಾಲಿ ಮಾಡಿ, ಬ್ಯಾಟರಿಯನ್ನು ಅರ್ಧ ಚಾರ್ಜ್‌ನಲ್ಲಿಟ್ಟು ಬಿಸಿಲು ತಾಗದ ಕಡೆ ಇಡಿ. ವಾಪಸಾದ ಮೇಲೂ ಪ್ಯಾಚ್ ಮತ್ತು ಗಮ್ಮಿನಲ್ಲೇ ದಿನ ಸಾಗುತ್ತಿದ್ದರೆ ಅದನ್ನು ತೆಗೆಯಲೇ ಹೋಗಬೇಡಿ, ನೇರವಾಗಿ ಸಲಹೆಗಾರರನ್ನು ಕಂಡು ಪ್ಯಾಚ್‌ನ ಪ್ರಮಾಣ ಇಳಿಸುವ ಬಗ್ಗೆ ಮಾತನಾಡಿ.