ಬಣ್ಣದ ನೀರು ಹರಿದ ಎರಿ ಹೊಲಕ್ಕ ಔಡಲ ಹಾಕಬೇಕಂತೀನಿ, ಸಹಾಯ ಬೇಕ್ರಿ

ಎಲ್ಲಾರಿಗೂ ನಮಸ್ಕಾರ್ರೀ. ನಮ್ಮದು ಬಾಗಲಕೋಟಿ ಜಿಲ್ಲಾದ ಬನಹಟ್ಟಿ ಕಡೆ ಎರಿ ಹೊಲ. ಹಳ್ಳದ ದಂಡಿ ಪಟ್ಟಿಗೆ ಭಾಳ ವರ್ಷ ನೂಲಿಗೆ ಬಣ್ಣ ಹಾಕಿದ ನೀರು ಹರದೈತಿ. ಅಲ್ಲಿ ಜೋಳ ಮೊಳಕಿ ಒಡದ್ರೂ ಹಳದಿ ಆಗಿ ನಿಂತ್ ಬಿಡ್ತೈತಿ. ತಿಪ್ಪಿಗೊಬ್ಬರ, ಜಿಪ್ಸಮ್ ಹಾಕಿ ನೋಡೀವಿ. ಉಪ್ಪು ಸ್ವಲ್ಪ ಇಳೀತು, ಆದ್ರ ಮಣ್ಣು ಪರೀಕ್ಷಾದಾಗ ಸೀಸ, ತಾಮ್ರ ಹಂಗ ಅದಾವ. ಪಿಎಚ್ 8.4, ಅಂದ್ರ ಮಣ್ಣು ಕ್ಷಾರ ಐತಿ.

ಅಲ್ಲಿ ತಿನ್ನೋ ಬೆಳಿ ಬೆಳದು ಮಂದಿಗೆ ಮಾರಾಕ ನನಗ ಮನಸ್ಸಿಲ್ರಿ. ಅದಕ್ಕ ಜೈವಿಕ ಡೀಸೆಲ್ ಎಣ್ಣಿಗೆ ಬರೋ ಔಡಲ, ಇಲ್ಲಾ ಉರುವಲಿಗೆ ನೇಪಿಯರ್ ಹುಲ್ಲು ಹಾಕಿ, ಮಣ್ಣಿನ ಲೋಹದ ಕಾಟ ಕಡಿಮಿ ಮಾಡಾಕ ಬೇರಿಗೆ ಸೂಡೋಮೊನಾಸ್, ಬ್ಯಾಸಿಲಸ್ ಅನ್ನೋ ಬ್ಯಾಕ್ಟೀರಿಯಾ ಕೊಡೋ ವಿಚಾರ ಐತಿ. ಈ ಬ್ಯಾಕ್ಟೀರಿಯಾ ಲೋಹ ತಿಂದು ಮುಗಸೂದಿಲ್ಲ. ಕೆಲವು ಆಮ್ಲ ಬಿಟ್ಟು ಲೋಹ ಕರಗಿಸಿ ಗಿಡಕ್ಕ ಕೊಡ್ತಾವ, ಕೆಲವು ಬೇರಿನ ಸುತ್ತನ ಹಿಡದಿಡ್ತಾವ.

ನನ್ನ ತೊಡಕು ಇಲ್ಲೇ ಐತಿ. ಸುಣ್ಣ ಇರೋ ಎರಿ ಮಣ್ಣು ಸೀಸನ್ನ ಗಟ್ಟಿ ಹಿಡ್ಕೊಂಡಿರ್ತೈತಿ. ಕರಗಿಸಿದ್ರ, ಗಿಡ ಎಳಕೊಳ್ಳೂಕಿಂತ ಮೊದಲ ಮಗ್ಗಲ ಬಾವಿಗೆ ಇಳದೀತು ಅಂತ ಅಂಜಿಕಿ. ಆ ನೀರು ದನ ಕುಡೀತಾವ. ಕರಗಿಸದಿದ್ರ ಸೀಸ ಮಣ್ಣಾಗ, ಬೇರಾಗ ಉಳೀತೈತಿ, ಕೊಯ್ದ ಬೆಳಿ ಜೋಡಿ ಹೊರಗ ಹೋಗೂದಿಲ್ಲ.

ಇಂಥಾ ಮಣ್ಣಾಗ ಕೆಲಸಾ ಮಾಡಿದವರು ಹೇಳ್ರಿ: ಲೋಹ ಕರಗಿಸೋ ಬ್ಯಾಕ್ಟೀರಿಯಾ ಹಾಕಲ್ಯೋ, ಕಟ್ಟಿಹಾಕೋದು ಹಾಕಲ್ಯೋ? ಮತ್ತ ಬಾವಿ ಹತ್ರ ಇದ್ದಾಗ ಔಡಲ ಛಲೋನೋ, ನೇಪಿಯರ್ ಛಲೋನೋ?